ಡೀಪ್ ಪರ್ಪಲ್ ‘ಮೇಡ್ ಇನ್ ಜಪಾನ್’ ಕ್ಯಾಸೆಟ್: ಶ್ರುತಿ ಏರಿದೆ, ಸರಿ ಮಾಡುವುದು ಹೇಗೆ?

ಪ್ರಶ್ನೆ

ಅಪ್ಪನ ಹತ್ತಿರ ಒಂದು 90 ನಿಮಿಷದ ಕ್ಯಾಸೆಟ್ ಇದೆ. 80ರ ದಶಕದಲ್ಲಿ ಗೆಳೆಯರೊಬ್ಬರ ಎಲ್‌ಪಿಯಿಂದ ಬ್ರಿಟಿಷ್ ರಾಕ್ ತಂಡ ಡೀಪ್ ಪರ್ಪಲ್‌ನ ಲೈವ್ ಆಲ್ಬಮ್ ‘ಮೇಡ್ ಇನ್ ಜಪಾನ್’ ತುಂಬಿಸಿಕೊಂಡಿದ್ದು. ಎ ಬದಿಯ ಕೊನೆಯಲ್ಲಿ ಉಳಿದ ಟೇಪಿಗೆ ಅದೇ ತಂಡದ ಇನ್ನೊಂದು ಲೈವ್ ತುಣುಕು ಹಾಕಿದ್ದಾರೆ, ಏಳೆಂಟು ನಿಮಿಷ. ಪ್ರೇಕ್ಷಕರ ನಡುವೆ ಕೂತು ಯಾರೋ ರೆಕಾರ್ಡ್ ಮಾಡಿದ ಹಾಗಿದೆ. ಯಾವ ಊರು, ಯಾವ ವರ್ಷ ಅಂತ ಅಪ್ಪನಿಗೆ ನೆನಪಿಲ್ಲ. ಆಲ್ಬಮ್ಮಿನ ಸಿಡಿ ಮನೆಯಲ್ಲಿದೆ, ನನಗೆ ಬೇಕಾಗಿರುವುದು ಈ ತುಣುಕು.

ತೊಂದರೆ ಏನೆಂದರೆ, ಇಡೀ ಕ್ಯಾಸೆಟ್ಟಿನ ಶ್ರುತಿ ಏರಿದೆ. ಕೀಬೋರ್ಡ್ ಜೊತೆ ಕೂರುವುದೇ ಇಲ್ಲ. ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ ‘ಚೇಂಜ್ ಪಿಚ್’ ಹಾಕಿ ಅರ್ಧ ಸ್ವರ ಇಳಿಸಿದೆ. ಈಗ ಶ್ರುತಿ ಕಡಿಮೆಯಾಯಿತು, ಚಪ್ಪಾಳೆ ನೀರಿನೊಳಗಿಂದ ಬಂದ ಹಾಗೆ ಕೇಳುತ್ತಿದೆ.

ಉತ್ತರ 1

ಮೊದಲು ನಿಮ್ಮ ಡೆಕ್ (ಕ್ಯಾಸೆಟ್ ಪ್ಲೇಯರ್) ನೋಡಿ. ಕಂಪನಿಯಿಂದ ಬಂದ ಬೇರೆ ಯಾವುದಾದರೂ ಕ್ಯಾಸೆಟ್ ಹಾಕಿ. ಅದೂ ಏರಿದ್ದರೆ ನಿಮ್ಮ ಮೋಟರ್ ಜೋರಾಗಿ ತಿರುಗುತ್ತಿದೆ.

ಪ್ರಶ್ನೆ ಕೇಳಿದವರು

ಮೂರು ಕ್ಯಾಸೆಟ್ ಹಾಕಿದೆ. ಮೂರೂ ಸರಿಯಾಗಿವೆ.

ಉತ್ತರ 2

ಹಾಗಾದರೆ ನಿಮ್ಮ ಡೆಕ್ಕಿನ ತಪ್ಪಲ್ಲ, ಅದನ್ನು ಮುಟ್ಟಬೇಡಿ. ಅವತ್ತು ತುಂಬಿಸಿದ ಡೆಕ್ ನಿಧಾನವಾಗಿ ಓಡಿದೆ. ಕ್ಯಾಸೆಟ್ ಓಡಬೇಕಾದ್ದು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್. ಅದಕ್ಕಿಂತ ನಿಧಾನವಾಗಿ ರೆಕಾರ್ಡ್ ಆದದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಶ್ರುತಿಯೂ ಏರುತ್ತದೆ, ತಾಳವೂ ಓಡುತ್ತದೆ. ಅದಕ್ಕೇ ‘ಚೇಂಜ್ ಪಿಚ್’ ಇಲ್ಲಿ ಔಷಧಿ ಅಲ್ಲ. ಅದು ಶ್ರುತಿ ಮಾತ್ರ ಇಳಿಸುತ್ತದೆ, ವೇಗ ಹಾಗೇ ಉಳಿಯುತ್ತದೆ, ಚಪ್ಪಾಳೆ ಕಲಸಿಹೋಗುತ್ತದೆ. ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ‘ಚೇಂಜ್ ಸ್ಪೀಡ್’ ಬಳಸಿ.

ಎಷ್ಟು ಇಳಿಸಬೇಕು? ಕಿವಿಯ ಅಂದಾಜು ಬೇಡ, ಗಿಟಾರ್ ಕೂಡ ಬೇಡ. ಅದರ ತಂತಿ ವೇದಿಕೆಯ ಮೇಲೆ ಹಾಡಿನಿಂದ ಹಾಡಿಗೆ ಸಡಿಲವಾಗುತ್ತದೆ. ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಅವರ ಹ್ಯಾಮಂಡ್ ಸಿ-3 ಆರ್ಗನ್ ಹಿಡಿದುಕೊಳ್ಳಿ. ಅದರೊಳಗೆ ಹಲ್ಲಿನ ಚಕ್ರಗಳಿವೆ. ಅವನ್ನು ತಿರುಗಿಸುವ ಮೋಟರ್ ಕರೆಂಟಿನ ಫ್ರೀಕ್ವೆನ್ಸಿಗೆ ಕಟ್ಟುಬಿದ್ದಿರುತ್ತದೆ. ವೇದಿಕೆಯ ಮೇಲೆ ಅದನ್ನು ಶ್ರುತಿ ಮಾಡಲು ಬಿರಟೆಯೇ ಇಲ್ಲ. ‘ಚೈಲ್ಡ್ ಇನ್ ಟೈಮ್’ ಹಾಡಿನ ಶುರುವಿನಲ್ಲಿ ಆರ್ಗನ್ನಿನ ಎ ಸ್ವರ ಚೆನ್ನಾಗಿ ಕೇಳುತ್ತದೆ ಅಲ್ವಾ, ಅಲ್ಲಿ ಫೋನಿನ ಟ್ಯೂನರ್ ಇಡಿ. 440 ಹರ್ಟ್ಸ್ ತೋರಿಸಬೇಕು.

ಇದನ್ನು ನೆನೆದರೆ ನನಗೆ ಆ ಜಪಾನ್ ಪ್ರವಾಸದ ಮೇಲೆ ಪ್ರೀತಿ ಇನ್ನೂ ಜಾಸ್ತಿ ಆಗುತ್ತದೆ. ಆಲ್ಬಮ್ ಒಂದೇ ರಾತ್ರಿಯದ್ದಲ್ಲ. 1972ರ ಆಗಸ್ಟ್ 15 ಮತ್ತು 16 ಒಸಾಕಾದಲ್ಲಿ, 17 ಟೋಕಿಯೋದ ಬುಡೋಕಾನ್‌ನಲ್ಲಿ. ಸೌಂಡ್ ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕಿನ ಯಂತ್ರದಲ್ಲಿ ರೆಕಾರ್ಡ್ ಮಾಡಿದರು. ‘ಸ್ಮೋಕ್ ಆನ್ ದಿ ವಾಟರ್’ 15ರದ್ದು, ‘ದಿ ಮ್ಯೂಲ್’ ಮತ್ತು ‘ಲೇಜಿ’ 17ರದ್ದು, ಉಳಿದ ನಾಲ್ಕೂ 16ರದ್ದು. ಒಸಾಕಾದ ಕರೆಂಟು 60 ಹರ್ಟ್ಸ್, ಟೋಕಿಯೋದ್ದು 50. ಒಂದೇ ದೇಶ, ಒಂದೇ ದಿನದ ಅಂತರ. ನೇರವಾಗಿ ಪ್ಲಗ್ ಹಾಕಿದರೆ ಒಂದು ಕಡೆ ಸರಿಯಾಗಿ ನುಡಿದ ಹ್ಯಾಮಂಡ್ ಇನ್ನೊಂದು ಕಡೆ ಹತ್ತಿರ ಹತ್ತಿರ ಮೂರು ಅರ್ಧಸ್ವರ ತಪ್ಪುತ್ತದೆ. ಆಲ್ಬಮ್ಮಿನಲ್ಲಿ ಎರಡೂ ಊರಿನ ಹಾಡುಗಳಲ್ಲಿ ಆರ್ಗನ್ ಗಿಟಾರಿನ ಜೊತೆ ಕೂತಿದೆ. ಅಂದರೆ ಆರ್ಗನ್ನಿಗೆ ಬೇಕಾದ ಫ್ರೀಕ್ವೆನ್ಸಿಯನ್ನು ಎರಡು ಕಡೆಯೂ ಒದಗಿಸಿದ್ದರು.

ಟ್ಯೂನರ್ ಓದಿದ ಮೇಲೆ ಸಿಡಿಯ ಜೊತೆ ಒಮ್ಮೆ ತಾಳೆ ನೋಡಿ. ಒಂದು ಡ್ರಮ್ ಏಟಿನಿಂದ ತುಂಬಾ ದೂರದ ಇನ್ನೊಂದು ಏಟಿಗೆ ಎರಡರಲ್ಲೂ ಎಷ್ಟು ಸೆಕೆಂಡ್ ಅಂತ ಅಳೆಯಿರಿ.

ಪ್ರಶ್ನೆ ಕೇಳಿದವರು

ಟ್ಯೂನರ್ 458 ತೋರಿಸಿತು. ಸಿಡಿಯಲ್ಲಿ 600 ಸೆಕೆಂಡ್ ಇದ್ದದ್ದು ಕ್ಯಾಸೆಟ್ಟಿನಲ್ಲಿ 576. ಎರಡೂ ಲೆಕ್ಕಕ್ಕೆ ಶೇ. 4 ಇಳಿಸಬೇಕು. ಇಳಿಸಿದೆ, ಆಲ್ಬಮ್ ಸರಿಹೋಯಿತು. ಆದರೆ ಕೊನೆಯ ತುಣುಕು ಇನ್ನೂ ಸ್ವಲ್ಪ ಮೇಲಿದೆ. ಆರ್ಗನ್ ಎಳೆದು ಹಿಡಿದ ಕಡೆಯಲ್ಲೆಲ್ಲ ಟ್ಯೂನರ್ 20 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಜಾಸ್ತಿ ತೋರಿಸುತ್ತಿದೆ.

ಉತ್ತರ 2

ಸಹಜ. ಆ ತುಣುಕು ನಿಮ್ಮ ಅಪ್ಪನ ಕ್ಯಾಸೆಟ್ಟಿಗೆ ಬರುವ ಮೊದಲು ಇನ್ನೊಂದು ಟೇಪಿನಲ್ಲಿತ್ತು. ಆ ಪ್ರತಿಯ ತಪ್ಪೂ ಸೇರಿಕೊಂಡಿದೆ. 20 ಸೆಂಟ್ ಅಂದರೆ ಸುಮಾರು ಶೇ. 1.15. ಇಳಿಸಿದ ಫೈಲನ್ನೇ ಮತ್ತೆ ಇಳಿಸಬೇಡಿ. ಮೂಲ ಫೈಲ್ ತೆಗೆದು ಒಂದೇ ಸಲಕ್ಕೆ ಶೇ. 5.1 ಇಳಿಸಿ. ವೇದಿಕೆಗೆ ಜನರೇಟರ್ ಇಟ್ಟಿದ್ದರೆ ಹ್ಯಾಮಂಡ್ ಕೂಡ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಿಸ್ (ಟೇಪಿನ ‘ಸ್ಸ್’ ಸದ್ದು) ತೆಗೆಯಲು ಹೋಗಬೇಡಿ, ಅದರ ಜೊತೆ ಸಭಾಂಗಣದ ಗಾಳಿಯೂ ಹೋಗಿಬಿಡುತ್ತದೆ. ಮೂಲ ಫೈಲ್ ಬೇರೆ ಡಿಸ್ಕಿನಲ್ಲಿ ಇಡಿ.

ಪ್ರಶ್ನೆ ಕೇಳಿದವರು

ಸರಿಹೋಯಿತು. ಟ್ಯೂನರ್ ಪ್ರತಿ ಸ್ವರದ ಮೇಲೂ ನೆಟ್ಟಗೆ ನಿಲ್ಲುತ್ತಿದೆ. ಅಪ್ಪನನ್ನು ಕೂರಿಸಿ ಮೊದಲು ‘ಚೈಲ್ಡ್ ಇನ್ ಟೈಮ್’ ಹಾಕಿದೆ. ಸಿಡಿ ನಾನು ತಂದದ್ದು, ಅವರು ಕೇಳುತ್ತಿದ್ದದ್ದು ಇಷ್ಟು ವರ್ಷವೂ ಕ್ಯಾಸೆಟ್ಟೇ. ಗಾಯಕ ಗಿಲನ್ ಹಾಡಲು ಶುರು ಮಾಡಿದ ಕೂಡಲೇ “ಇವರ ದನಿ ಇಷ್ಟು ದಪ್ಪ ಇತ್ತಾ?” ಅಂದರು. ಆಮೇಲೆ ಕೊನೆಯ ತುಣುಕನ್ನು ಎರಡು ಸಲ ಹಾಕಿಸಿಕೊಂಡರು.