ಬೇಸ್ ಸಿಸ್ಟಮ್‌ನಲ್ಲೇ ಮ್ಯಾನ್ ಪುಟ (ಕಮಾಂಡ್‌ಗಳ ಕೈಪಿಡಿ) ಓದುವ ಟೂಲ್ ಕೊಡೋದಾದರೆ ಯಾವುದು?

ಬೂಟ್‌ಲೋಡರ್ (ಪ್ರಶ್ನೆ ಕೇಳಿದವರು):
ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಮೇಲೆ ಚಿಕ್ಕದೊಂದು ಇಮೇಜ್ (ಓಡಿಸಲು ಸಿದ್ಧವಾದ ಸಿಸ್ಟಮ್‌ನ ಪ್ರತಿ) ಕಟ್ಟಬೇಕು. ಅದು ಓಡುವ ಕಡೆ ಇಂಟರ್ನೆಟ್ ಇಲ್ಲ, ರೂಟ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ. ಮ್ಯಾನ್ ಪುಟ ತೋರಿಸುವ ಮ್ಯಾನ್-ಡಿಬಿ ಹಾಕಿದರೆ, ಪುಟ ಜೋಡಿಸುವ ಗ್ರಾಫ್ (groff) ಕೂಡ ಬೆನ್ನಿಗೇ ಬರುತ್ತದೆ. ಅವೆರಡರ ಬದಲು ಮ್ಯಾನ್‌ಡಾಕ್ (mandoc) ಒಂದೇ ಸಾಕಾ? ಹಾಕಿದ ಮೇಲೂ 'ಮ್ಯಾನ್ ಟಾರ್' (ಫೈಲ್‌ಗಳನ್ನು ಒಂದಾಗಿ ಕಟ್ಟುವ ಟಾರ್ ಕಮಾಂಡ್‌ನ ಪುಟ) ಅಂದರೆ ಪುಟವೇ ಇಲ್ಲ ಅನ್ನುತ್ತಿದೆ.

ಟರ್ಮಿನಲ್ ತಿಮ್ಮ:
ಧಾರಾಳವಾಗಿ ಸಾಕು. ಯುನಿಕ್ಸ್ ಬಗೆಯ ಓಪನ್‌ಬಿಎಸ್‌ಡಿ ಸಿಸ್ಟಮ್‌ನವರು 2010ರಲ್ಲೇ ಗ್ರಾಫನ್ನು ಬೇಸ್‌ನಿಂದ ಎತ್ತಿ ಪೋರ್ಟ್ಸ್‌ಗೆ (ಬೇಕಾದವರು ಹಾಕಿಕೊಳ್ಳುವ ಹೆಚ್ಚುವರಿ ಸಾಫ್ಟ್‌ವೇರ್ ಸಂಗ್ರಹಕ್ಕೆ) ಹಾಕಿದರು, ಅದೇ ಬಗೆಯ ಫ್ರೀಬಿಎಸ್‌ಡಿ 12ರಲ್ಲೂ ಅದು ಬೇಸ್‌ನಲ್ಲಿಲ್ಲ. ಗ್ರಾಫ್ ಅಂದರೆ ಪೂರ್ತಿ ಅಚ್ಚುಮೊಳೆ ಜೋಡಿಸುವ ಯಂತ್ರ: ಸಿ++, ಜಿಪಿಎಲ್ ಲೈಸೆನ್ಸ್, ಟೇಬಲ್‌ಗೊಂದು ಸಮೀಕರಣಕ್ಕೊಂದು ಪ್ರತ್ಯೇಕ ಪ್ರೋಗ್ರಾಮ್. ಮ್ಯಾನ್‌ಡಾಕ್ ಸಿ-ಯಲ್ಲಿದೆ, ಐಎಸ್‌ಸಿ ಲೈಸೆನ್ಸ್, ಟೇಬಲ್ ಕೂಡ ತಾನೇ ಬಿಡಿಸುತ್ತದೆ.

ಪುಟ ಸಿಗದಿರುವುದು ಓದುವ ಟೂಲ್‌ನ ತಪ್ಪಲ್ಲ. ಆಲ್ಪೈನ್‌ನಲ್ಲಿ ಮ್ಯಾನ್ ಪುಟಗಳು 'ಡಾಕ್' ಬಾಲದ ಬೇರೆ ಪ್ಯಾಕೇಜ್‌ಗಳಲ್ಲಿರುತ್ತವೆ. 'ಡಾಕ್ಸ್' ಎಂಬ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜ್‌ಗಳನ್ನು ಎಳೆದು ತರುವ ಪ್ಯಾಕೇಜ್) ಹಾಕಿ. ಇನ್‌ಸ್ಟಾಲ್ ಆಗಿರುವ ಪ್ಯಾಕೇಜ್‌ಗಳ ಡಾಕ್‌ಗಳು ತಾವಾಗಿ ಬರುತ್ತವೆ. ಸಿಸ್ಟಮ್ ಕಾಲ್‌ಗಳ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳ) ಪುಟಗಳಿಗೆ 'ಮ್ಯಾನ್-ಪೇಜಸ್' ಪ್ಯಾಕೇಜ್ ಬೇರೆಯಾಗಿ ಬೇಕು.

ಟಾರ್ ವಿಷಯ ಮಾತ್ರ ಹುಷಾರು. ನಿಮ್ಮಲ್ಲಿರುವುದು ಬ್ಯುಸಿಬಾಕ್ಸ್ (ಹಲವು ಕಮಾಂಡ್‌ಗಳ ಚಿಕ್ಕ ರೂಪಗಳು ಒಂದೇ ಪ್ರೋಗ್ರಾಮ್‌ನಲ್ಲಿ) ಟಾರ್. ಟಾರ್-ಡಾಕ್ ತಂದರೆ ಗ್ನೂ ಟಾರ್‌ನ ಪುಟ ಬರುತ್ತದೆ, ಅದರಲ್ಲಿರುವ ಅರ್ಧಕ್ಕರ್ಧ ಆಪ್ಷನ್ ಕೆಲಸ ಮಾಡಲ್ಲ. ತಪ್ಪು ಪುಟಕ್ಕಿಂತ 'tar --help' ಔಟ್‌ಪುಟ್ ವಾಸಿ.

ಇನೋಡ್:
ಮೇಲಿನದಕ್ಕೆ ಸೇರಿಸುತ್ತೇನೆ. ಅಪ್ರೊಪೊಸ್ (ಪದ ಕೊಟ್ಟು ಮ್ಯಾನ್ ಪುಟ ಹುಡುಕುವ ಕಮಾಂಡ್) ಬೇಕೆಂದರೆ ಮ್ಯಾನ್‌ಡಾಕ್-ಅಪ್ರೊಪೊಸ್ ಪ್ಯಾಕೇಜನ್ನೂ ಹಾಕಿ, ಇಮೇಜ್ ಕಟ್ಟುವಾಗಲೇ, ಎಲ್ಲ ಡಾಕ್ ಬಂದ ಮೇಲೆ ಕೊನೆಯ ಹೆಜ್ಜೆಯಾಗಿ, ಹುಡುಕಾಟದ ಪಟ್ಟಿ ಕಟ್ಟುವ 'ಮೇಕ್‌ವಾಟಿಸ್' ಓಡಿಸಿ. ಅದು ಮ್ಯಾನ್ ಡೈರೆಕ್ಟರಿಯೊಳಗೇ ಡೇಟಾಬೇಸ್ ಬರೆಯುತ್ತದೆ. ರೀಡ್-ಓನ್ಲಿ ಆದಮೇಲೆ ಓಡಿಸಿದರೆ ಬರೆಯಲು ಜಾಗ ಸಿಗಲ್ಲ.

ಪುಟವನ್ನು ತೆರೆಯ ಮೇಲೆ ಸರಿಸಿ ತೋರಿಸುವ ಪೂರ್ಣ 'ಲೆಸ್' ಪ್ಯಾಕೇಜ್ ಕೂಡ ಹಾಕಿ. ಬ್ಯುಸಿಬಾಕ್ಸ್ ಲೆಸ್‌ಗೆ ಟ್ಯಾಗ್ (ಪುಟದೊಳಗಿನ ಹೆಸರಿಟ್ಟ ಗುರುತು) ಗೊತ್ತಿಲ್ಲ. ಪೂರ್ಣ ಲೆಸ್‌ನಲ್ಲಿ ಕೋಲನ್, ಟಿ ಒತ್ತಿ ಆಪ್ಷನ್ ಹೆಸರು ಕೊಟ್ಟರೆ ಅದರ ವಿವರಣೆಗೇ ಹಾರುತ್ತದೆ. ಉದ್ದ ಪುಟಗಳಿಗೆ ಇದಿಲ್ಲದೆ ಆಗಲ್ಲ.

ನೀವೇ ಬರೆದ ಮ್ಯಾನ್ ಪುಟಗಳಿದ್ದರೆ ಮ್ಯಾನ್‌ಡಾಕ್‌ನ ಲಿಂಟ್ (ತಪ್ಪು ಹುಡುಕುವ) ಮೋಡ್‌ನಲ್ಲಿ ಹಾಯಿಸಿ. 'ಅನ್‌ಸಪ್' ಎಂದು ಬಂದ ಸಾಲುಗಳಲ್ಲಿ ಮ್ಯಾನ್‌ಡಾಕ್‌ಗೆ ಬಾರದ ರಾಫ್ (ಮ್ಯಾನ್ ಪುಟ ಬರೆಯುವ ಭಾಷೆ) ಕಮಾಂಡ್ ಇದೆ ಎಂದರ್ಥ, ಅಲ್ಲಿ ಪಠ್ಯ ಕೆಡಬಹುದು.

ಪೈಪ್‌ಲೈನ್:
ಯಾರಾದರೂ ಡೆಬಿಯನ್ ಸ್ಲಿಮ್ (ಡೆಬಿಯನ್ ಲಿನಕ್ಸ್‌ನ ಚಿಕ್ಕ ಇಮೇಜ್) ಮೇಲೆ ಇದನ್ನೇ ಮಾಡುವವರಿದ್ದರೆ: ಅಲ್ಲಿ ಮ್ಯಾನ್-ಡಿಬಿ ಹಾಕಿದರೂ ಪುಟ ಬರಲ್ಲ, ಪ್ಯಾಕೇಜ್ ಹಾಕುವ ಡಿಪಿಕೆಜಿಯ ಕಾನ್ಫಿಗ್‌ನಲ್ಲಿ ಮ್ಯಾನ್ ಡೈರೆಕ್ಟರಿಯನ್ನೇ ಹೊರಗಿಟ್ಟಿದ್ದಾರೆ. ಆ ಪಾತ್-ಎಕ್ಸ್‌ಕ್ಲೂಡ್ ಸಾಲು ತೆಗೆದು, ಹಳೆಯ ಪ್ಯಾಕೇಜ್‌ಗಳನ್ನು ರೀಇನ್‌ಸ್ಟಾಲ್ ಮಾಡಿ. ಸಾಲು ತೆಗೆದಷ್ಟಕ್ಕೇ ಹೋದ ಫೈಲ್ ವಾಪಸ್ ಬರಲ್ಲ.