ಆಖೆನ್‌ನಲ್ಲಿ ಎಂ.ಎಸ್.: ವಾರಾಂತ್ಯದ ತಿರುಗಾಟಕ್ಕೆ ಸಮಯವೂ ಹಣವೂ ಉಳಿಯುತ್ತದೆಯೇ?

ಪ್ರಶ್ನೆ (ಮದ್ದೂರಿನ ವಿದ್ಯಾರ್ಥಿ):
ಮೈಸೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿರುವ ನಾನು ಬರುವ ಅಕ್ಟೋಬರ್‌ನಲ್ಲಿ ಜರ್ಮನಿಯ ಆಖೆನ್‌ಗೆ ಹೊರಡುತ್ತಿದ್ದೇನೆ. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಎರಡೂ ಅಲ್ಲಿಂದ ಕೂಗಳತೆಯಲ್ಲಿವೆ ಎಂದು ತಿಳಿದಂದಿನಿಂದ ನೋಡಬೇಕಾದ ಊರುಗಳ ಪಟ್ಟಿ ಬೆಳೆಯುತ್ತಲೇ ಇದೆ. ಗದ್ದೆಯ ಪತ್ರವಿಟ್ಟು ಸಾಲ ತಂದ ಅಪ್ಪ ಅದನ್ನು ನೋಡಿ, "ಓದೋಕೆ ಹೋಗ್ತಿದ್ದೀಯೋ, ಊರು ಸುತ್ತೋಕೋ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿ ಓದಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸರಸ್ವತಿಪುರಂನವನು, ಆಖೆನ್‌ನಲ್ಲಿ ಎರಡು ವರ್ಷ):
ನಿಮ್ಮ ತಂದೆಯವರ ಪ್ರಶ್ನೆ ಸರಿಯಾಗಿಯೇ ಇದೆ. ಅಲ್ಲಿ ನಮ್ಮ ಇಂಟರ್ನಲ್ಸ್‌ನಂಥದ್ದು ಇಲ್ಲದಿರುವುದರಿಂದ ಅಕ್ಟೋಬರ್, ನವೆಂಬರ್ ತಿಂಗಳುಗಳು ಬಿಡುವಾಗಿರುವಂತೆ ತೋರುತ್ತವೆ. ಆದರೆ ಹೆಚ್ಚಿನ ವಿಷಯಗಳಲ್ಲಿ ಅಂಕವೆಲ್ಲ ಕೊನೆಯ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ, ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶಗಳಷ್ಟೇ ಇರುತ್ತವೆ, ಕಡ್ಡಾಯ ವಿಷಯದಲ್ಲಿ ಮೂರನೆಯದೂ ಕೈಕೊಟ್ಟರೆ ಆ ಕೋರ್ಸನ್ನೇ ಬಿಡಬೇಕಾಗುತ್ತದೆ. ನಾನು ಕ್ರಿಸ್‌ಮಸ್‌ವರೆಗೆ ತಿಂಗಳಿಗೆ ಎರಡು ಶನಿವಾರ ತಿರುಗುತ್ತಿದ್ದೆ. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ನಿಲ್ದಾಣದ ಕಡೆ ತಲೆ ಹಾಕುತ್ತಿರಲಿಲ್ಲ.

ಹಣದ ಮಾತಿಗೆ ಬರುತ್ತೇನೆ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್‌ನಲ್ಲಿ ದೇಶದ ಎಲ್ಲ ಪ್ರಾದೇಶಿಕ ರೈಲು, ಸಿಟಿ ಬಸ್‌ಗಳಲ್ಲಿ ಓಡಾಡಬಹುದು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಇದು 2026ರಿಂದ ತಿಂಗಳಿಗೆ 63 ಯೂರೋ ಆಗಿದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದರ ವಿದ್ಯಾರ್ಥಿ ರೂಪ ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುವುದರಿಂದ ಬೇರೆ ಕೊಳ್ಳಬೇಕಿಲ್ಲ. ಐಸಿಇಯಂಥ ದೂರದ ವೇಗದ ರೈಲುಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಕೊಲೋನ್‌ನಿಂದ ಮರಳುವಾಗ, ಬೋರ್ಡು ಓದದೆ, ಎದುರಿಗೆ ನಿಂತ ಬಿಳಿಯ ರೈಲನ್ನು ಹತ್ತಿಬಿಟ್ಟೆ. ಮಡಿಲ ಮೇಲೆ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡಿದ್ದಾಗಲೇ ತಪಾಸಕರು ಬಂದು 60 ಯೂರೋ ದಂಡ ಬರೆದುಕೊಟ್ಟರು. ತಪ್ಪು ನನ್ನದೇ, ಆದರೂ ಆ ಚಿತ್ರಾನ್ನ ಗಂಟಲಲ್ಲಿ ಇಳಿಯಲಿಲ್ಲ.

ಮೊದಲ ಪ್ರವಾಸಕ್ಕೆ ಕೊಲೋನ್ ಸಾಕು, ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 1248ರಲ್ಲಿ ಆರಂಭಿಸಿ 1880ರಲ್ಲಿ ಮುಗಿಸಿದ ಅಲ್ಲಿನ ಕೆಥೆಡ್ರಲ್‌ನ ಗೋಪುರಕ್ಕೆ 533 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನಿಗೆ ಇದೇನು ಲೆಕ್ಕ ಎಂದುಕೊಂಡಿದ್ದೆ. ಆದರೆ ಬೆಟ್ಟದಲ್ಲಿ ಗಾಳಿಯಾಡುತ್ತದೆ, ನಂದಿಯ ಹತ್ತಿರ ಕುಳಿತುಕೊಳ್ಳಬಹುದು. ಇಲ್ಲಿ ಇಕ್ಕಟ್ಟಾದ ಕಲ್ಲಿನ ಸುರುಳಿಯಲ್ಲಿ ಸುತ್ತಿ ಸುತ್ತಿ ತಲೆ ತಿರುಗಿತು.

ಉತ್ತರ 2 (ಈಗ ಅಲ್ಲಿ ಓದುತ್ತಿರುವವಳು, ಮಂಡ್ಯ):
ಮೇಲಿನವರು ಬಿಟ್ಟ ಒಂದು ಮಾತು: ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿಯ ಮೂಲಪ್ರತಿಗಳಿಲ್ಲದೆ ಗಡಿ ದಾಟಬೇಡಿ, ಏಕೆಂದರೆ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಗಡಿಗಳಲ್ಲೂ ತಪಾಸಣೆ ಆರಂಭಿಸಿತು. ಆ ಪರವಾನಗಿಯಿಂದ ಉಳಿದ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಕೂಟ) 180 ದಿನಗಳಲ್ಲಿ 90 ದಿನ ಇರಬಹುದು. ಲಂಡನ್‌ಗೆ ಬೇರೆಯೇ ವೀಸಾ ಬೇಕು.

ವೀಸಾಕ್ಕಾಗಿ ಮೊದಲೇ ಹಣ ತುಂಬಿ ತಿಂಗಳಿಗಿಷ್ಟೆಂದು ತೆಗೆಯುವ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆಂದು ಇಡುವ 11,904 ಯೂರೋದಲ್ಲಿ ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ವಿಮೆ, ದಿನಸಿ ಕಳೆದರೆ ಪ್ರವಾಸಕ್ಕೆ ಉಳಿಯುವುದು ಚಿಲ್ಲರೆಯೇ, ಆದ್ದರಿಂದ ರಾತ್ರಿ ತಂಗುವ ಆಸೆ ಬಿಟ್ಟು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮರಳುವುದು ಒಳ್ಳೆಯದು. ಖರ್ಚಿಲ್ಲದೆ ಹೋಗುವುದಾದರೆ ಸಿಟಿ ಬಸ್ಸಿನಲ್ಲಿ ನೆದರ್‌ಲ್ಯಾಂಡ್ಸ್‌ನ ಗಡಿಯೂರು ವಾಲ್ಸ್‌ಗೆ ಹೋಗಿ, ಅಲ್ಲಿಂದ ನಡೆದು 322 ಮೀಟರ್ ಎತ್ತರದ ಗುಡ್ಡ ಹತ್ತಿ. ಮೂರು ದೇಶಗಳ ಗಡಿ ಅಲ್ಲಿ ಕೂಡುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಹಾಲು, ತರಕಾರಿಯನ್ನು ಶುಕ್ರವಾರವೇ ತಂದಿಟ್ಟುಕೊಳ್ಳಿ. ಶನಿವಾರ ಸುತ್ತಿ ದಣಿದು ಬಂದು ಮಾರನೆಯ ದಿನ ಬರೀ ಅನ್ನ, ಉಪ್ಪಿನಕಾಯಿ ಉಂಡದ್ದು ನನಗೆ ನೆನಪಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಮೂರು ಅವಕಾಶಗಳ ಮಾತನ್ನು ಎರಡು ಸಲ ಓದಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂರು ದೇಶದ ಗುಡ್ಡಕ್ಕೆ ಟಿಕೆಟ್ ಐತಾ?" ಎಂದು ಕೇಳಿದರು.