ಶಾಕ್ ಅಬ್ಸಾರ್ಬರ್ ಬದಲಿಸಿದ ಮೇಲೆ ಸ್ವಿಫ್ಟ್ ಸ್ಟೇರಿಂಗ್ ಗಟ್ಟಿಯಾಗಿದೆ, ಎಲ್ಲಿಂದ ಹುಡುಕಲಿ?

ಬಿಳಿ ಸ್ವಿಫ್ಟ್:
ಗಾಡಿ 2014ರ ಸ್ವಿಫ್ಟ್ ಝಡ್‌ಡಿಐ, ಓಡಿರುವುದು 1,12,000 ಕಿ.ಮೀ. ಹೋದ ವಾರ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್, ಮೇಲಿನ ಮೌಂಟು (ಶಾಕ್‌ನ ತಲೆ ಗಾಡಿಗೆ ಕೂರುವ ತುಂಡು), ಮೌಂಟಿನ ಬೇರಿಂಗು, ಎರಡೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು, ತುದಿಯ ಬಾಲ್ ಜಾಯಿಂಟ್ ಸಮೇತ) ಹೊಸದು ಹಾಕಿಸಿದ್ದೇನೆ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಹಳೆಯವೇ. ಹಳ್ಳ ಹತ್ತಿಸಿದಾಗ ಬರುತ್ತಿದ್ದ ಸದ್ದು ಹೋಯಿತು, ಆದರೆ ಸ್ಟೇರಿಂಗ್ ಭಾರವಾಯಿತು. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ, ಎಳೆದು ತರಬೇಕು. ಪವರ್ ಸ್ಟೇರಿಂಗ್ ಲೈಟಾಗಲಿ ಎಬಿಎಸ್ ಲೈಟಾಗಲಿ ಹತ್ತಿಲ್ಲ. ಟೈರ್ ಗಾಳಿ ಬಾಗಿಲ ಸ್ಟಿಕರ್‌ನಲ್ಲಿ ಇದ್ದಷ್ಟೇ ಇದೆ. ಅಲೈನ್‌ಮೆಂಟ್ ಎರಡು ಸಲ ಆಯಿತು. ಗ್ಯಾರೇಜಿನವರು "ಹೊಸ ಪಾರ್ಟು, ಸಾವಿರ ಕಿಲೋಮೀಟರ್ ಓಡಿಸಿ, ಸಡಿಲ ಆಗುತ್ತೆ" ಅಂತಾರೆ. ಇನ್ನೊಂದು ಕಡೆ "ಮೋಟರ್ ಹೋಗಿದೆ, ಸ್ಟೇರಿಂಗ್ ಕಂಬ (ಕಾಲಂ) ಪೂರ್ತಿ ಬದಲಿಸಿ" ಅಂದರು. ಯಾರನ್ನು ನಂಬಲಿ?

ಹದಿನೇಳರ ಪಾನಾ:
ಇಬ್ಬರನ್ನೂ ಬೇಡ. ನೀವು ಬರೆದ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ: ತಾನಾಗಿ ನೇರಕ್ಕೆ ಬರುವುದಿಲ್ಲ.

ಈ ಗಾಡಿಯಲ್ಲಿ ಪವರ್ ಸ್ಟೇರಿಂಗ್ ಮೋಟರ್ ಇರುವುದು ಕಾಲಂ ಮೇಲೆ. ಅದು ಕೈಕೊಟ್ಟರೆ ತಿರುಗಿಸಲು ಬಲ ಬೇಕು ನಿಜ, ಆದರೆ ಓಡುತ್ತಿರುವಾಗ ಕೈ ಸಡಿಲಿಸಿದರೆ ಸ್ವಲ್ಪ ನಿಧಾನವಾಗಿಯಾದರೂ ಚಕ್ರಗಳು ಸ್ಟೇರಿಂಗನ್ನು ನೇರಕ್ಕೆ ತರುತ್ತವೆ. ತಿರುಗಿಸುವಾಗಲೂ ಭಾರ, ವಾಪಸೂ ಬರದು ಅಂದರೆ ಎಲ್ಲೋ ಏನೋ ಹಿಡಿಯುತ್ತಿದೆ. ಖಾಲಿ ಮೈದಾನದಲ್ಲಿ 15–20 ಕಿ.ಮೀ. ವೇಗದಲ್ಲಿ ಬಲಕ್ಕೆ ಅರ್ಧ ಸುತ್ತು ತಿರುಗಿಸಿ ಹಿಡಿತ ಸಡಿಲಿಸಿ (ಕೈ ಪೂರ್ತಿ ತೆಗೆಯಬೇಡಿ), ಆಮೇಲೆ ಎಡಕ್ಕೂ ಹಾಗೇ ಮಾಡಿ. ಬಲಕ್ಕೆ ತಿರುಗಿಸಿ ಬಿಟ್ಟಾಗ ಬಲಕ್ಕೆ, ಎಡಕ್ಕೆ ತಿರುಗಿಸಿ ಬಿಟ್ಟಾಗ ಎಡಕ್ಕೆ ಎಳೆದರೆ ಅದು ಎಲ್ಲೋ ಹಿಡಿಯುತ್ತಿರುವ ದೋಷ. ಅಲೈನ್‌ಮೆಂಟ್ ತಪ್ಪಿದ್ದರೆ ಯಾವಾಗಲೂ ಒಂದೇ ಕಡೆ ಎಳೆಯುತ್ತದೆ.

ಇನ್ನು ಎಲ್ಲಿ ಹಿಡಿಯುತ್ತಿದೆ ಎಂದು ನೋಡುವ ಕ್ರಮ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಆಫ್, ಕೀ ತಿರುಗಿಸಿ ಸ್ಟೇರಿಂಗ್ ಲಾಕ್ ಬಿಡಿಸಿ. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಗಾಳಿಯಲ್ಲಿರುವ ಚಕ್ರ ಎರಡು ಬೆರಳಿಗೆ ಬಗ್ಗದಿದ್ದರೂ ಒಂದು ಕೈಗೆ ಸಲೀಸಾಗಿ, ಉದ್ದಕ್ಕೂ ಒಂದೇ ಬಿಗಿಯಲ್ಲಿ ಬರಬೇಕು.

ಬಿಗಿ ಇದ್ದರೆ ಎರಡೂ ಟೈ ರಾಡ್ ಎಂಡ್‌ಗಳನ್ನು ನಕ್ಕಲ್‌ನಿಂದ (ಚಕ್ರ ಕೂರುವ ಲೋಹದ ತುಂಡು) ಬಿಡಿಸಿ. ನಟ್ಟು ಸಡಿಲಿಸಿ ನಕ್ಕಲ್ಲಿನ ಕಿವಿಯ ಪಕ್ಕಕ್ಕೆ ಸುತ್ತಿಗೆಯ ಒಂದೆರಡು ಪೆಟ್ಟು ಕೊಟ್ಟರೆ ಕಳಚುತ್ತದೆ, ಥ್ರೆಡ್ ಮೇಲೆ ಹೊಡೆಯಬೇಡಿ. ಈಗ ಚಕ್ರ ಹಿಡಿದು ಎಡಗಡೆಯದನ್ನೊಮ್ಮೆ, ಬಲಗಡೆಯದನ್ನೊಮ್ಮೆ ತಿರುಗಿಸಿ ಹೋಲಿಸಿ. ಒಂದು ಬದಿ ಬಿಗಿ ಇದ್ದರೆ ಆ ಬದಿಯ ಮೇಲಿನ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್. ಎರಡೂ ಸಲೀಸಾಗಿದ್ದು ಸ್ಟೇರಿಂಗ್ ಮಾತ್ರ ಬಿಗಿ ಅಂದರೆ ರ‍್ಯಾಕ್ (ಸ್ಟೇರಿಂಗ್ ತಿರುವನ್ನು ಚಕ್ರಗಳಿಗೆ ತಲುಪಿಸುವ ಹಲ್ಲಿನ ಪಟ್ಟಿ), ಅಥವಾ ಪೆಡಲ್ ಹತ್ತಿರದ ಶಾಫ್ಟಿನ ಜಾಯಿಂಟು. ಜಾಯಿಂಟು ಹಿಡಿದಿದ್ದರೆ ಸ್ಟೇರಿಂಗ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಕಡೆ ಬಿಗಿ, ಎರಡು ಕಡೆ ಸಲೀಸು. ಶಾಫ್ಟ್ ಬಿಡಿಸುವ ಪ್ರಸಂಗ ಬಂದರೆ ಸ್ಟೇರಿಂಗ್ ಚಕ್ರವನ್ನು ಕಟ್ಟಿಹಾಕಿ. ಅದು ಸುಮ್ಮನೆ ಸುತ್ತಿದರೆ ಒಳಗಿನ ಏರ್‌ಬ್ಯಾಗ್ ಕ್ಲಾಕ್ ಸ್ಪ್ರಿಂಗ್ (ಸುರುಳಿ ಸುತ್ತಿದ ವಯರು) ತುಂಡಾಗುತ್ತದೆ.

ಅಲೈನ್‌ಮೆಂಟ್ ಮೇಷ್ಟ್ರು:
ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಎತ್ತಿದ ಗಾಡಿಯಲ್ಲಿ ಬೇರಿಂಗ್ ಮೇಲೆ ಸ್ಪ್ರಿಂಗಿನ ಒತ್ತಡ ಮಾತ್ರ ಇರುತ್ತದೆ, ಗಾಡಿಯ ತೂಕ ಇರುವುದಿಲ್ಲ. ತೂಕ ಬಿದ್ದಾಗ ಮಾತ್ರ ಹಿಡಿಯುವ ಬೇರಿಂಗು ಅಲ್ಲಿ ಸಿಕ್ಕಿಬೀಳದೆ ಹೋಗಬಹುದು. ಅಲೈನ್‌ಮೆಂಟ್ ಅಂಗಡಿಯ ಟರ್ನ್ ಪ್ಲೇಟ್ (ಚಕ್ರದ ಅಡಿ ಸಲೀಸಾಗಿ ತಿರುಗುವ ತಟ್ಟೆ) ಮೇಲೆ ಚಕ್ರ ನಿಲ್ಲಿಸಿ, ತಟ್ಟೆಯ ಪಿನ್ ತೆಗೆಸಿ, ಎಂಜಿನ್ ಆಫ್ ಮಾಡಿ ತಿರುಗಿಸಿ ನೋಡಿ. ಅಲ್ಲಿ ತೂಕವೂ ಇರುತ್ತದೆ, ನೆಲದ ಉಜ್ಜಾಟವೂ ಇರುವುದಿಲ್ಲ.

ಎರಡು ಸಲ ಅಲೈನ್‌ಮೆಂಟ್ ಆಯಿತು ಅಂದಿರಲ್ಲ, ಪ್ರಿಂಟ್‌ನಲ್ಲಿ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಂಕಿ ಇದೆಯಾ? ಬಹಳ ಕಡೆ ಟೋ (ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರುವ ಕೋನ) ಒಂದನ್ನೇ ಸರಿಮಾಡಿ ಕಳಿಸುತ್ತಾರೆ. ಕ್ಯಾಸ್ಟರ್ ಅಳೆಯಬೇಕಾದರೆ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಲೇಬೇಕು. ಅದನ್ನು ಮಾಡದಿದ್ದರೆ ಅಳೆದೇ ಇಲ್ಲ ಎಂದು ತಿಳಿಯಿರಿ. ಸ್ವಿಫ್ಟ್‌ನಲ್ಲಿ ಕ್ಯಾಸ್ಟರ್ ತಿರುಗಿಸಿ ಹೊಂದಿಸುವ ಬೋಲ್ಟ್ ಇಲ್ಲ. ಎಡ ಬಲ ಒಂದು ಡಿಗ್ರಿ ವ್ಯತ್ಯಾಸ ಬಂದರೆ ಆರ್ಮ್ ತಪ್ಪಾಗಿ ಕೂತಿದೆ ಅಥವಾ ಸಬ್‌ಫ್ರೇಮ್ (ಆರ್ಮ್ ಕೂರುವ ಚೌಕಟ್ಟು) ಸರಿದಿದೆ. ಕ್ಯಾಸ್ಟರ್ ಕಮ್ಮಿಯಾದರೆ ಸ್ಟೇರಿಂಗ್ ವಾಪಸ್ ಬರುವುದಿಲ್ಲ ನಿಜ, ಆದರೆ ಆಗ ಭಾರವಾಗುವುದಿಲ್ಲ, ಹಗುರವಾಗುತ್ತದೆ. ಹಾಗಾಗಿ ನನ್ನ ಅನುಮಾನವೂ ಬೇರಿಂಗ್ ಮೇಲೆಯೇ.

ಮೋಟರ್ ಮಾತು ಎತ್ತುವ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ. ಎಂಜಿನ್ ಓಡುವಾಗ 13.5ರಿಂದ 14.5 ಇದ್ದರೆ ಸಾಕು. ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಸೇರಿದ ಕಂಬ) ಬಿಚ್ಚುವಾಗ ಚಕ್ರದ ವೇಗ ತಿಳಿಸುವ ಎಬಿಎಸ್ ವಯರ್ ಎಳೆದು ತುಂಡಾಗುವುದುಂಟು, ಆದರೆ ನಿಮಗೆ ಲೈಟ್ ಹತ್ತಿಲ್ಲ. ಒಂದೇ ಕಡೆ ನಿಂತು ಹತ್ತಾರು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ ಪರೀಕ್ಷೆ ಮಾಡಬೇಡಿ. ಮೋಟರ್ ಬಿಸಿಯಾದರೆ ಸಿಸ್ಟಮ್ಮೇ ಸಹಾಯ ಕಮ್ಮಿ ಮಾಡುತ್ತದೆ, ಇಲ್ಲದ ದೋಷ ಕಂಡ ಹಾಗಾಗುತ್ತದೆ.

ಬಿಳಿ ಸ್ವಿಫ್ಟ್:
ಎತ್ತಿ ನೋಡಿದೆವು. ಟೈ ರಾಡ್ ಬಿಡಿಸಿದ ಮೇಲೆ ಬಲ ಚಕ್ರ ಸಲೀಸು. ಎಡ ಚಕ್ರ ಬಿಗಿ, ತಿರುಗಿಸಿ ಬಿಟ್ಟರೆ ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ. ಇಳಿಸಿದ ಮೇಲೆ ನಿಂತಲ್ಲೇ ತಿರುಗಿಸಿದರೆ ಎಡಗಡೆಯಿಂದ "ಟಣ್" ಅಂತ ಸದ್ದು. ಬಾಲ್ ಜಾಯಿಂಟಾ, ಬೇರಿಂಗಾ?

ಹದಿನೇಳರ ಪಾನಾ:
ಪುಟಿಯುತ್ತದೆ ಅಂದ ಮೇಲೆ ಬೇರಿಂಗೇ. ಬಾಲ್ ಜಾಯಿಂಟ್ ಬಿಗಿಯಿದ್ದರೆ ತಿರುಗಿಸಿದಲ್ಲೇ ನಿಲ್ಲುತ್ತದೆ, ಪುಟಿಯುವುದಿಲ್ಲ. ಮೇಲಿನ ಬೇರಿಂಗ್ ತಿರುಗದಿದ್ದಾಗ ಸ್ಪ್ರಿಂಗಿನ ತಲೆ ಅಲ್ಲೇ ನಿಂತು ಬುಡ ಮಾತ್ರ ಸ್ಟ್ರಟ್ ಜೊತೆ ತಿರುಗುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಸ್ಪ್ರಿಂಗ್ ಹುರಿಗೊಂಡು, ತಾಳಲಾರದೆ ಒಮ್ಮೆಲೇ ಜಾರಿದಾಗ ಆ "ಟಣ್". ಖಚಿತ ಮಾಡಿಕೊಳ್ಳಲು ಗಾಡಿ ನೆಲದ ಮೇಲಿರುವಾಗ ಟೈರಿನ ಮೇಲಿಂದ ಕೈ ಹಾಕಿ ಸ್ಪ್ರಿಂಗಿನ ಹೊರಮೈಗೆ ಅಂಗೈ ಆನಿಸಿ (ಸುರುಳಿಗಳ ಸಂದಿಗೆ ಬೆರಳು ಬೇಡ), ಇನ್ನೊಬ್ಬರು ನಿಧಾನವಾಗಿ ಸ್ಟೇರಿಂಗ್ ತಿರುಗಿಸಲಿ. ಸ್ಪ್ರಿಂಗು ಒಂದೇ ಸಮನೆ ತಿರುಗಬೇಕು. ನಿಂತು, ಆಮೇಲೆ ಸರಕ್ಕನೆ ಹಾರಿದರೆ ಮುಗಿಯಿತು.

ಹೊಸ ಬೇರಿಂಗು ಹಿಡಿಯುವುದು ಸಾಮಾನ್ಯವಾಗಿ ಉಲ್ಟಾ ಕೂರಿಸಿದ್ದಕ್ಕೆ, ವಾಷರ್ ಬಿಟ್ಟದ್ದಕ್ಕೆ, ಇಲ್ಲವೇ ಕಳಪೆ ಪಾರ್ಟಿಗೆ. ಸ್ಟ್ರಟ್ ಇಳಿಸುವ ಮೊದಲು ನಕ್ಕಲ್ ಮತ್ತು ಸ್ಟ್ರಟ್ ಸೇರುವ ಜಾಗದಲ್ಲಿ ಗೆರೆ ಹಾಕಿಕೊಳ್ಳಿ, ಆ ಎರಡು ಬೋಲ್ಟಿನಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲುವ ಕೋನ) ಅಲ್ಲಾಡುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಎದುರುಬದುರು ಹಾಕಿ ಸ್ಪ್ರಿಂಗು ಸೀಟಿನಿಂದ ಸಡಿಲವಾಗುವವರೆಗೆ ಮೇಲಿನ ನಡುನಟ್ಟು ಮುಟ್ಟಬಾರದು, ಪ್ರಾಣಕ್ಕೇ ಅಪಾಯ. ಜೋಡಿಸುವಾಗ ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ತಾಗಿರಬೇಕು. ನಡುನಟ್ಟನ್ನು ಗಾಳಿಯ ಗನ್ನಿನಲ್ಲಿ ಬಿಗಿಯಬೇಡಿ, ರಾಡ್ ಗಿರಗಿರ ಸುತ್ತಿ ಹೊಸ ಶಾಕ್‌ನ ಸೀಲ್ ಹಾಳಾಗುತ್ತದೆ. ಕಂಪ್ರೆಸರ್ ತೆಗೆದ ಮೇಲೆ ಮೌಂಟನ್ನು ಕೈಯಲ್ಲಿ ತಿರುಗಿಸಿ. ಸ್ಪ್ರಿಂಗು ಅಲುಗದೆ ಮೌಂಟು ಮಾತ್ರ ನುಣ್ಣಗೆ ತಿರುಗಿದರೆ ಗಾಡಿಗೆ ಏರಿಸಿ, ಇಲ್ಲವಾದರೆ ಮತ್ತೆ ಬಿಚ್ಚಿ.

ಬಿಳಿ ಸ್ವಿಫ್ಟ್:
ಬಿಚ್ಚಿದಾಗ ಬೇರಿಂಗ್ ಉಲ್ಟಾ ಇತ್ತು, ಒಂದು ಕಡೆ ಪ್ಲಾಸ್ಟಿಕ್ ಸವೆದು ಪುಡಿಯಾಗಿದೆ. ಅದನ್ನೇ ತೊಳೆದು ಗ್ರೀಸ್ ಹಾಕಿ ತಿರುಗಿಸಿ ಕೂರಿಸಬಹುದಾ?

ಅಲೈನ್‌ಮೆಂಟ್ ಮೇಷ್ಟ್ರು:
ಬೇಡ. ಬೇರಿಂಗ್‌ಗಿಂತ ಬಿಚ್ಚಿ ಕಟ್ಟುವ ಕೂಲಿಯೇ ಹೆಚ್ಚು, ಹೊಸದೇ ಹಾಕಿ. ಗಾಡಿ ಇಳಿಸಿದ ಮೇಲೆ ಲೋವರ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್‌ಗಳನ್ನೂ ಒಮ್ಮೆ ಸಡಿಲಿಸಿ, ಚಕ್ರದ ಮೇಲೆ ತೂಕ ಇರುವಾಗಲೇ ಮತ್ತೆ ಬಿಗಿಸಿ. ಚಕ್ರ ನೇತಾಡುವಾಗ ಬಿಗಿದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಅದಾದ ಮೇಲೆ, ಈ ಸಲ ಕ್ಯಾಸ್ಟರ್ ಅಂಕಿ ಇರುವ ಪ್ರಿಂಟ್ ಕೇಳಿ ತಗೊಳ್ಳಿ.